ಬೈಲಪ್ಪನ ಹೆಂಡತಿಯ ಸೊಂಟ

ಹಲಸೂರಿನಲ್ಲಿ ‘ಕಟ್ಟು ಬೈಲಪ್ಪ’ ಎಂದರೆ ಸಾಕು, ಆಟೋದವರೇ ನಮ್ಮ ಬಾಗಿಲಿಗೆ ತಂದು ಬಿಡುತ್ತಾರೆ. ಅವನು ನನ್ನ ಅಪ್ಪ. ಮೂಳೆ ಮುರಿದವರಿಗೆ ಸೊಪ್ಪಿನ ರಸ, ಮೊಟ್ಟೆಯ ಬಿಳಿ ಹಚ್ಚಿ, ಬಿದಿರಿನ ದಬ್ಬೆ ಇಟ್ಟು ಕಟ್ಟುತ್ತಾನೆ. ಆ ಸೊಪ್ಪನ್ನು ಮೂವತ್ತು ವರ್ಷ ಅರೆದವಳು ನನ್ನ ಅಮ್ಮ, ಚಿಕ್ಕಮುನಿಯಮ್ಮ. ಸುಳ್ಳೇಕೆ ಹೇಳಲಿ, ಎಷ್ಟೋ ಜನರ ಮುಂಗೈ, ಮಣಿಕಟ್ಟು ಸರಿಹೋಗಿವೆ. ಅಪ್ಪನಿಗೆ ಹೆಸರು ಬಂದದ್ದು ಅದರಿಂದಲೇ, ಕೊಬ್ಬು ಬಂದದ್ದೂ ಅದರಿಂದಲೇ.

ಹೋದ ವರ್ಷ ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸಿಳಿದು ರಸ್ತೆ ದಾಟುತ್ತಿದ್ದ ಅಮ್ಮನಿಗೆ ನೀರಿನ ಟ್ಯಾಂಕರ್ ಗುದ್ದಿತು. ತೊಡೆಯ ಮೂಳೆ ಎರಡು ತುಂಡು, ಸೊಂಟದ ಕೀಲಿನ ಬಟ್ಟಲು ಮೂರು ಚೂರು. ಆಸ್ಪತ್ರೆಯಲ್ಲಿ ಡಾಕ್ಟರ್ ಲುಬ್ನಾ ಎಕ್ಸ್‌ರೇ ತೋರಿಸಿ ತಾಳ್ಮೆಯಿಂದ ವಿವರಿಸಿದರು.

“ಸದ್ಯಕ್ಕೆ ಕಾಲಿಗೆ ತೂಕ ಕಟ್ಟಿ ಎಳೆದಿಟ್ಟಿದ್ದೀವಿ. ಈ ವಾರದಲ್ಲೇ ಆಪರೇಷನ್ ಮಾಡಿ ಪ್ಲೇಟು, ರಾಡು ಕೂರಿಸ್ಬೇಕು. ತಡ ಆದ್ರೆ ಚೂರುಗಳು ಅಡ್ಡಾದಿಡ್ಡಿ ಕೂಡ್ಕೊಂಡ್ಬಿಡ್ತವೆ. ಆಮೇಲೆ ನೆಟ್ಟಗೆ ನಡೆಯೋದು ಕಷ್ಟ.”

ಅಪ್ಪ ನನ್ನನ್ನು ವಾರ್ಡಿನ ಹೊರಗೆ ಎಳೆದ. “ಊರೋರ ಮೂಳೆಯೆಲ್ಲ ಕಟ್ಟೋನು ಹೆಂಡ್ತೀನ ಕುಯ್ಸಿದ ಅಂದ್ರೆ ನಾಳೆ ನಮ್ಮ ಬಾಗ್ಲಿಗೆ ಯಾವನು ಬರ್ತಾನೆ?”

“ನಿಂಗೆ ಅಮ್ಮ ನಡೆಯೋದು ಮುಖ್ಯಾನೋ, ನಿನ್ನ ಹೆಸರೋ?”

ಅಪ್ಪ ಬಿಡುಗಡೆಯ ಕಾಗದ ಕೇಳಲು ನರ್ಸ್ ಬಳಿ ನಡೆದ. ಅಮ್ಮನನ್ನೇ ಕೇಳಿದೆ. “ನಿಮ್ಮಪ್ಪನ ಮಾನ ಹೋಗ್ಬಾರ್ದು ಕಣೇ. ಅಷ್ಟು ಜನಕ್ಕೆ ಹಿಡಿದ ಸೊಪ್ಪು ನಂಗೆ ಹಿಡಿಯಲ್ವಾ?” ಎಂದಳು. ಅಯ್ಯೋ ಪೆದ್ದೀ! ಅಪ್ಪ ಕಾಗದಕ್ಕೆ ಸಹಿ ಹಾಕಿ, ತೂಕ ಬಿಚ್ಚಿಸಿ ಮನೆಗೆ ತಂದ. ದಾರಿಯುದ್ದಕ್ಕೂ ಅವಳು ಕಿರುಚುತ್ತಲೇ ಇದ್ದಳು.

ಮೂರು ತಿಂಗಳ ಮೇಲೆ ಕಟ್ಟು ಬಿಚ್ಚಿದಾಗ ಕಾಲು ಎರಡಿಂಚು ಗಿಡ್ಡವಾಗಿತ್ತು, ಪಾದ ಹೊರಕ್ಕೆ ತಿರುಗಿತ್ತು. ಅದೇ ಡಾಕ್ಟರ ಬಳಿ ಕರೆದೊಯ್ದೆ. ಅವರು ಬೈಯಲಿಲ್ಲ. “ಇನ್ನು ಮೊದಲಿನ ಹಾಗೆ ಮಾಡಕ್ಕಾಗಲ್ಲಮ್ಮ” ಎಂದರು, ಅಷ್ಟೇ. ಅಪ್ಪನೋ, ಬಂದವರಿಗೆಲ್ಲ “ಆಸ್ಪತ್ರೆಯೋರು ಕೆಡಿಸಿದ್ರು, ನಾನು ಎಬ್ಬಿಸಿ ನಿಲ್ಸಿದೆ” ಎಂದು ಹೇಳಿಕೊಂಡ. ಥೂ, ನಾಚಿಕೆಯಿಲ್ಲದ ಬಾಳು!

ಹೋದ ವಾರ ಶಿವಾಜಿನಗರದ ಮುನೀರ್ ಎಂಬಾತ ತನ್ನ ತಾಯಿ ಉಮ್ಮೆ ಕುಲ್ಸುಂ ಅವರನ್ನು ಆಟೋದಲ್ಲಿ ಮಲಗಿಸಿಕೊಂಡು ಬಂದ. ಸ್ಕೂಟರ್ ಗುದ್ದಿ ಆಕೆಯ ಸೊಂಟ ಮುರಿದಿತ್ತು. ಅಪ್ಪ ದಬ್ಬೆ ಆರಿಸತೊಡಗಿದ. ಅಮ್ಮ ವಾಕರ್ ಹಿಡಿದು ಎದ್ದಳು. ಗಂಡನೆದುರು ಎಂದೂ ದನಿಯೆತ್ತದವಳು ಹಲ್ಲು ಕಚ್ಚಿಕೊಂಡು, ಕುಂಟುತ್ತ ಅಂಗಳದಲ್ಲಿ ಆರು ಹೆಜ್ಜೆ ನಡೆದಳು.

“ನೋಡಪ್ಪಾ, ಇವರ ಕೈಲಿ ಸೊಂಟ ಕಟ್ಟಿಸ್ಕೊಂಡೋಳ ಗತಿ ಇದು. ನಿಮ್ಮ ತಾಯೀನ ಆಸ್ಪತ್ರೆಗೆ ಕರ್ಕೊಂಡ್ಹೋಗು.”

ಮುನೀರನ ಮುಖ ಅರಳಿತು. “ಅಮ್ಮೀ, ದೇಖೋ! ಆಪರೇಷನ್ ಇಲ್ದೇನೇ ನಡೀತಾವ್ರೆ! ಬೈಲಪ್ಪಣ್ಣ, ನೀವು ಕಟ್ಟಿ.”

ನಾನು ಬಾಯಿ ಬಡಿದುಕೊಂಡೆ, ಯಾರೂ ಕೇಳಲಿಲ್ಲ. ಅಪ್ಪ ತಲೆಯೆತ್ತದೆ ಕಟ್ಟತೊಡಗಿದ. ಅಮ್ಮ ಅಂಗಳದ ನಡುವೆಯೇ ನಿಂತಿದ್ದಳು. ತಿರುಗಿ ಹೋಗಿ ಕೂರುವಷ್ಟು ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.