ಮರದ ರಿವಾಲ್ವರ್ ಹಿಡಿದು ಜಾಲಹಳ್ಳಿಗೆ

ಕೊಡಿಗೇಹಳ್ಳಿ ಗೇಟಿನಲ್ಲಿ ನಾವು ಬಸ್ಸು ಹತ್ತಿದಾಗ ಬೆಳಗಿನ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ನನಗೆ ಪುಕ್ಕಟೆ ಟಿಕೆಟ್, ಪಕ್ಕದಲ್ಲಿ ಕೂತ ಮುನಿರಾಜಣ್ಣನಿಗೆ ಮಾತ್ರ ದುಡ್ಡು. "ಹೆಂಗಸಾಗಿ ಹುಟ್ಬೇಕಿತ್ತು ಕಣೇ ಸರೋಜ" ಎಂದ. ತಿಂಗಳುಗಟ್ಟಲೆ ಮನೆ ಬಿಟ್ಟು ಕದಲದಿದ್ದ ನನ್ನ ಅಣ್ಣ ತಮಾಷೆ ಮಾಡುತ್ತಿದ್ದಾನಲ್ಲ ಎಂದು ನನಗೆ ಒಳಗೊಳಗೇ ಖುಷಿಯಾಯಿತು.

ಯಲಹಂಕದ ಆಚೆ ನಮ್ಮದೊಂದು ಸೀಬೆ ತೋಟವಿದೆ. ಕಾಡುಹಂದಿ, ಬೀದಿನಾಯಿಗಳ ಹಿಂಡು, ಆಗಾಗ ಚಿರತೆಯ ಸುದ್ದಿ. ಅಣ್ಣ ದಿನಾ ಸಂಜೆ ತೋಟ ಸುತ್ತುವಾಗ ಲೈಸೆನ್ಸು ಇರುವ ರಿವಾಲ್ವರ್ ಸೊಂಟದಲ್ಲಿರುತ್ತಿತ್ತು. ಉದ್ದ ನಳಿಗೆಯ ಭಾರಿ ಸಾಮಾನು. ಒಂದು ಗುಂಡನ್ನೂ ಹಾರಿಸಿದವನಲ್ಲ. ಅದು ಜೊತೆಗಿದ್ದರೆ ಅವನಿಗೆ ಧೈರ್ಯ, ಅಷ್ಟೆ. ಹೋದ ಮಳೆಗಾಲದಲ್ಲಿ ಟ್ರ್ಯಾಕ್ಟರಿನಿಂದ ಬಿದ್ದು ಬಲಭುಜ ಮುರಿಯಿತು, ರಿವಾಲ್ವರ್ ಇಡುವ ಸೊಂಟದ ಚರ್ಮದ ಚೀಲ, ಅಂದರೆ ಹೋಲ್ಸ್ಟರೂ ಹರಿದುಹೋಯಿತು. ಮೂಳೆ ಕೂಡಿಕೊಂಡರೂ ಕೈ ಮೊದಲಿನ ಹಾಗೆ ಬೆನ್ನ ಕಡೆಗೆ ಹೋಗುತ್ತಿರಲಿಲ್ಲ. ಅಂದಿನಿಂದ ಅವನು ತೋಟದ ಕಡೆ ತಲೆ ಹಾಕಿರಲಿಲ್ಲ. ಕೇಳಿದರೆ "ಹೋಲ್ಸ್ಟರ್ ಇಲ್ವಲ್ಲ" ಅನ್ನುತ್ತಿದ್ದ. ಈಚೆಗೆ "ತೋಟ ಮಾರ್ಬಿಡೋಣ" ಅನ್ನಲೂ ಶುರುಮಾಡಿದ್ದ. ಹೊಸ ಹೋಲ್ಸ್ಟರ್ ಕೊಡಿಸಿ ಅವನ ಬಾಯಿ ಮುಚ್ಚಿಸಬೇಕೆಂದೇ ನಾನು ಹೊರಟಿದ್ದು.

ಹೆಬ್ಬಾಳದಲ್ಲಿ ಬಸ್ಸು ಬದಲಿಸಿ, ಫ್ಲೈಓವರ್ ಕೆಳಗಿನ ವಾಹನಗಳ ನಡುವೆ ತೆವಳಿ, ಯಶವಂತಪುರ ತಲುಪುವ ಹೊತ್ತಿಗೆ ಬೆವರು ಇಳಿಯುತ್ತಿತ್ತು. ಸೆಕ್ಯುರಿಟಿಯವರ ಸಮವಸ್ತ್ರ ಮಾರುವ ಅಂಗಡಿಯಲ್ಲಿ ಹೋಲ್ಸ್ಟರುಗಳನ್ನು ತೂಗುಹಾಕಿದ್ದರು.

"ಗನ್ ತಂದಿದ್ದೀರಾ ಸರ್? ಅಳತೆ ನೋಡ್ದೆ ಹೆಂಗ್ ಕೊಡ್ಲಿ?" ಎಂದ ಅಂಗಡಿಯವನು.

ನಾನು ಹಣೆ ಚಚ್ಚಿಕೊಂಡೆ. ಚುನಾವಣೆ ಬಂತೆಂದರೆ ಲೈಸೆನ್ಸು ಇರುವವರು ಬಂದೂಕನ್ನು ಪೊಲೀಸ್ ಠಾಣೆಗೆ ಒಪ್ಪಿಸಬೇಕು. ನಮ್ಮದೂ ಅಲ್ಲೇ ಕೂತಿತ್ತು. ಅಣ್ಣ ಮಾತ್ರ ಗಾಬರಿಯಾಗದೆ ಚೀಲದಿಂದ ಒಂದು ರಿವಾಲ್ವರ್ ತೆಗೆದು ಮೇಜಿನ ಮೇಲಿಟ್ಟ. ಮರದ್ದು, ಮೈತುಂಬ ಅರಿಶಿನ ಕುಂಕುಮ! ಒಂದು ವರ್ಷ ಆಯುಧಪೂಜೆಯ ಹೊತ್ತಿಗೇ ಚುನಾವಣೆ ಬಂದು, ಪೂಜೆಗೆ ರಿವಾಲ್ವರ್ ಇಲ್ಲದಂತಾಗುತ್ತದೆಂದು ಅಣ್ಣ ಬಡಗಿಯನ್ನು ಕರೆಸಿ ಅದೇ ಅಳತೆಯಲ್ಲಿ ಇದನ್ನು ಕೆತ್ತಿಸಿದ್ದ. ಅಂದಿನಿಂದ ಅದು ದೇವರ ಮನೆಯಲ್ಲೇ ಇತ್ತು.

ಅಂಗಡಿಯವನು ನಕ್ಕ. ಆದರೆ ಅವನಲ್ಲಿದ್ದದ್ದೆಲ್ಲ ಸಣ್ಣ ಪಿಸ್ತೂಲಿನವು. "ಜಾಲಹಳ್ಳೀಲಿ ಈರಣ್ಣ ಅಂತ ಇದ್ದಾರೆ, ಚರ್ಮದ್ದು ಹೊಲಿದು ಕೊಡ್ತಾರೆ" ಎಂದು ದಾರಿ ಹೇಳಿದ.

ಮೆಟ್ರೊದಲ್ಲಿ ಹೋಗೋಣವೆಂದರೆ ಬಾಗಿಲಲ್ಲೇ ಚೀಲ ತಪಾಸಣೆ. "ದೇವರ ಮನೆ ಸಾಮಾನಮ್ಮ" ಎಂದು ಅಣ್ಣ ಎಷ್ಟು ವಿನಯದಿಂದ ಹೇಳಿದರೂ ಕಾವಲಿನ ಹೆಣ್ಣುಮಗಳು ಜಗ್ಗಲಿಲ್ಲ. "ಬೊಂಬೆ ಆದ್ರೂ ಬಿಡಲ್ಲ ಯಜಮಾನ್ರೇ." ಅವಳು ಮಾಡಿದ್ದೇ ಸರಿ. ಆಟೊ ಹಿಡಿದೆವು, ಮೀಟರ್ ಮೇಲೆ ಇಪ್ಪತ್ತು ರೂಪಾಯಿ.

ಈರಣ್ಣ ಬಾಗಲಕೋಟೆ ಕಡೆಯವರು. ಮರದ ರಿವಾಲ್ವರ್ ನೋಡಿ ಮೊದಲು ಕೈಮುಗಿದರು, ಆಮೇಲೆ ಅಳತೆ ಹಿಡಿದರು. "ಎಲ್ಲಿ ಕಟ್ಟತೀರಿ? ಸೊಂಟಕ್ಕೋ, ಎದಿಗೋ?"

"ಸೊಂಟಕ್ಕೆ. ಬಲಗಡೆ" ಎಂದ ಅಣ್ಣ, ನನ್ನ ಮುಖ ನೋಡದೆ.

"ಅಣ್ಣ, ಸೀಬೆ ಕೊಂಬೆ ಕೆಳಗೆ ಬಗ್ಗಿದಾಗೆಲ್ಲ ಸಿಕ್ಕಾಕೊಳ್ಳತ್ತೆ ಅಂತ ನೀನೇ ಗೊಣಗ್ತಿದ್ದೆ" ಎಂದೆ.

"ಅಪ್ಪ ಅಲ್ಲೇ ಕಟ್ತಿದ್ರು. ನಾನೂ ಅಲ್ಲೇ ಕಟ್ಟೋದು."

ಈರಣ್ಣ ವಾದ ಮಾಡಲಿಲ್ಲ. ಮಾದರಿಯೊಂದನ್ನು ಅಣ್ಣನ ಬೆಲ್ಟಿಗೆ ಸಿಕ್ಕಿಸಿ, ಮರದ್ದನ್ನು ಅದರಲ್ಲಿಟ್ಟು, "ತಗೀರಿ ನೋಡೂಣು" ಎಂದರು. ಅಣ್ಣನ ಬಲಗೈ ಅರ್ಧಕ್ಕೆ ಹೋಗಿ ನಿಂತಿತು. ಹಲ್ಲು ಕಚ್ಚಿ ಎಳೆದ. ರಿವಾಲ್ವರ್ ಜಾರಿ ನೆಲಕ್ಕೆ ಬಿದ್ದು ಕುಂಕುಮ ಚೆಲ್ಲಿತು. ಇನ್ನು ಇವನು ಮನೆಯ ಮೂಲೆ ಸೇರಿದ ಹಾಗೇ ಅಂದುಕೊಂಡೆ.

ಅಣ್ಣ ನಿಧಾನಕ್ಕೆ ಬಗ್ಗಿ ಅದನ್ನು ಎಡಗೈಯಲ್ಲಿ ಎತ್ತಿಕೊಂಡ. ಕಣ್ಣಿಗೊತ್ತಿಕೊಂಡ. "ಈ ಕೈ ಇದೆಯಲ್ಲ" ಎಂದ. "ಎದೆ ಮೇಲೇ ಮಾಡಿ ಈರಣ್ಣ. ಎಡಗೈಗೆ."

ನಾವು ಪಕ್ಕದ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ ಉಂಡು, ನೆರಳಲ್ಲಿ ಕೂತು ಕಾದೆವು. ಸಂಜೆಗೆ ಮುಂಚೆ ಹೋಲ್ಸ್ಟರ್ ಸಿದ್ಧವಾಯಿತು. ಪಟ್ಟಿ ಜನಿವಾರದ ಹಾಗೆ ಎಡಭುಜದಿಂದ ಇಳಿದು ಬಲಪಕ್ಕಕ್ಕೆ ಬರುತ್ತಿತ್ತು, ಮುರಿದ ಭುಜದ ಮೇಲೆ ಭಾರವಿಲ್ಲ. ರಿವಾಲ್ವರಿನ ಹಿಂಭಾಗ ಮುಚ್ಚುವ ಚರ್ಮದ ತುಂಡಿಗೆ ಗುಂಡಿ; ಬಗ್ಗಿದರೂ ಬೀಳದು.

ವಾಪಸ್ಸು ಹೊರಟಾಗ ಅಣ್ಣ ಮನೆಯ ಬಸ್ಸು ಬಿಟ್ಟು ಯಲಹಂಕದ ಬಸ್ಸು ಹತ್ತಿದ. "ತೋಟ ನೋಡ್ಕೊಂಡ್ ಹೋಗೋಣ" ಎಂದ. ನಾನೂ ಹಿಂದೆಯೇ ಹತ್ತಿದೆ.

ತೋಟದ ಬೇಲಿಯ ಹತ್ತಿರ ಹೋಲ್ಸ್ಟರ್ ಕಟ್ಟಿಕೊಂಡು ಮರದ ರಿವಾಲ್ವರನ್ನು ಅದಕ್ಕಿಳಿಸಿದ.

"ಅಯ್ಯೋ, ಇದನ್ನಿಟ್ಕೊಂಡು ಏನ್ ಮಾಡ್ತೀಯೋ?" ಎಂದೆ.

"ಅಸಲಿ ಇದ್ದಾಗ ಮಾತ್ರ ಏನ್ ಮಾಡಿದ್ದೆ?" ಎಂದು ನಗುತ್ತಾ ಒಳಗೆ ಹೋದ.

ಕಾಲು ನೋಯುತ್ತಿತ್ತು, ನಾನು ಗೇಟಿನ ಕಲ್ಲಿನ ಮೇಲೆ ಕೂತೆ. ಅವನು ಕೊಂಬೆಗಳ ಕೆಳಗೆ ಬಗ್ಗಿ ಬಗ್ಗಿ ಸಾಗುತ್ತಿದ್ದ. ಎಲ್ಲೂ ಏನೂ ಸಿಕ್ಕಿಕೊಳ್ಳಲಿಲ್ಲ. ಕೊನೆಯ ಸಾಲಿನಲ್ಲಿ ನಿಂತು ನನ್ನ ಕಡೆ ತಿರುಗಿ ಕೂಗಿದ:

"ಸರೋಜಾ, ಗಿಡ ಸೊರಗಿವೆ ಕಣೇ! ನಾಳೆ ಗೊಬ್ಬರಕ್ಕೆ ಹೇಳ್ಬೇಕು!"