ಥರ್ಮಾಮೀಟರಿಗೆ ಕಟ್ಟಿದ ಕೆಂಪು ದಾರ

ಸೊನ್ನೆ ಡಿಗ್ರಿ ನೀರಿಗೆ ಕೈ ಹಾಕಿದರೆ ತಣ್ಣಗಾಗುವುದಿಲ್ಲ, ಸುಡುತ್ತದೆ. ಇಲ್ಲಿಗೆ ಬಂದ ಮೊದಲ ದಿನ ಕೈಗವಸು ಹಾಕಿಕೊಳ್ಳದೆ ತೊಟ್ಟಿಗೆ ಬೆರಳು ಅದ್ದಿದವಳು ಹೌಹಾರಿ ಹಿಂದಕ್ಕೆ ಸರಿದೆ. ಆ ನೀರಿನ ಮೇಲೆ ಸಾಸಿವೆ ಕಾಳಿನಷ್ಟು ಮೀನಿನ ಮೊಟ್ಟೆಗಳು ತೇಲುತ್ತಿದ್ದವು. ಗಾಜಿನಷ್ಟು ತಿಳಿಯಾಗಿದ್ದವು, ಬದುಕಿದ್ದವು. ಆ ಚಳಿಯಿದ್ದರೆ ಮಾತ್ರ ಅವು ಬದುಕುತ್ತವೆ ಎಂದು ಇಲ್ಲಿಯವರು ಹೇಳಿದಾಗ ನಾನು ನಂಬಲಿಲ್ಲ. ಕೆಂಚಾರ್ಲಹಳ್ಳಿಯ ರೇಷ್ಮೆ ಹುಳುಮನೆಯಲ್ಲಿ ಬೆಳೆದವಳು ನಾನು. ಎಳೆಯ ಜೀವ ಎಂದರೆ ಬೆಚ್ಚಗಿಡಬೇಕಾದದ್ದು ಎಂದೇ ನನ್ನ ಕೈಗೆ ಗೊತ್ತು.

ನಾರ್ವೆ ದೇಶದ ಉತ್ತರದ ತುದಿಯಲ್ಲಿ, ಸಮುದ್ರದ ದಡದ ಒಂದು ಸಣ್ಣ ಊರು ಇದು. ಧ್ರುವದ ಮೀನುಗಳ ಮೊಟ್ಟೆ ಸಾಕುವ ಪ್ರಯೋಗಾಲಯದಲ್ಲಿ ನನಗೆ ಎರಡು ವರ್ಷದ ಕೆಲಸ. ಚಿಂತಾಮಣಿಯ ಹತ್ತಿರದ ರೇಷ್ಮೆ ಮೊಟ್ಟೆ ಕೇಂದ್ರವೊಂದರಲ್ಲಿ ಹನ್ನೊಂದು ವರ್ಷ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತವಳು ನಾನು. ಮೊಟ್ಟೆ ಎಣಿಸುವ, ಕೆಟ್ಟದ್ದನ್ನು ಹೆಕ್ಕಿ ತೆಗೆಯುವ ಕೈ ಬೇಕು ಎಂಬ ಜಾಹೀರಾತು ಕಂಡಿತು, ಅರ್ಜಿ ಹಾಕಿದೆ, ಕರೆದರು. ಹುಳದ ಮೊಟ್ಟೆ ನೋಡಿದವಳಿಗೆ ಮೀನಿನ ಮೊಟ್ಟೆ ಯಾವ ಲೆಕ್ಕ ಎಂದುಕೊಂಡು ವಿಮಾನ ಹತ್ತಿದೆ. ನನ್ನ ಜಂಬ ನೋಡಿ.

ಮನೆ ಸಿಕ್ಕಿದ್ದು ‘ಸೊಕ್ಕೆಲ್’ನಲ್ಲಿ. ಇಳಿಜಾರಿನಲ್ಲಿ ಅರ್ಧ ನೆಲದೊಳಗೆ ಹೂತಂತೆ ಕಟ್ಟಿದ ಕೆಳಮನೆಗೆ ಇಲ್ಲಿ ಹಾಗೆನ್ನುತ್ತಾರೆ. ಕಿಟಕಿಯಿಂದ ಕಾಣುವುದು ಹೋಗಿಬರುವವರ ಬೂಟು ಮಾತ್ರ. ನಮ್ಮೂರ ಹತ್ತಿರದ ಮಂಡಿಕಲ್ ಕಡೆಯ ಹೊಲದ ಅವರೆಕಾಯಿಗೆ ಇಬ್ಬನಿ ಬಿದ್ದು ಸೊಗಡು ಏರುವ ತಿಂಗಳಲ್ಲಿ ಇಲ್ಲಿ ‘ಮೊರ್ಕೆತೀದ್’, ಅಂದರೆ ಕತ್ತಲ ಕಾಲ. ಎರಡು ತಿಂಗಳು ಸೂರ್ಯ ಮುಖವನ್ನೇ ತೋರಿಸುವುದಿಲ್ಲ. ಊರಿನಿಂದ ತಂದ ರಾಗಿಹಿಟ್ಟು ಮುಗಿಯುತ್ತ ಬಂದಂತೆ ನನ್ನ ಮುದ್ದೆ ನಿಂಬೆಹಣ್ಣಿನಷ್ಟಾಯಿತು. ಅದನ್ನು ಒಣ ಮೀನಿನ ಸಾರಿನಲ್ಲಿ ನುಂಗಿ, ಒಬ್ಬಳೇ ಕೂತು ಅತ್ತಿದ್ದೂ ಉಂಟು. ಯಾಕೆ ಮುಚ್ಚಿಡಲಿ.

ಪ್ರಯೋಗಾಲಯದಲ್ಲಿ ನನ್ನ ಮೇಲಿನವಳು ಇಂಗ್ರಿಡ್. ಅರವತ್ತು ದಾಟಿದವಳು, ಇಲ್ಲೇ ಹತ್ತಿರದ ದ್ವೀಪವೊಂದರ ಮೀನುಗಾರರ ಮನೆಯ ಮಗಳು. ಅವಳು ‘ಯಾ’ ಎನ್ನುವಾಗ, ಅಂದರೆ ಹೌದು ಎನ್ನುವಾಗ, ಉಸಿರನ್ನು ಒಳಗೆ ಎಳೆದುಕೊಳ್ಳುತ್ತಾಳೆ. ಮೊದಮೊದಲು ನನ್ನ ಮಾತಿಗೆ ಇವಳು ಯಾಕೆ ಹೀಗೆ ಬೆಚ್ಚಿಬೀಳುತ್ತಾಳೆ ಎಂದು ಗಾಬರಿಯಾಗುತ್ತಿತ್ತು. ಇಲ್ಲಿಯವರು ಒಪ್ಪಿಕೊಳ್ಳುವುದೇ ಹೀಗೆ ಎಂದು ಆಮೇಲೆ ಗೊತ್ತಾಯಿತು. ನಾಲ್ಕು ತಿಂಗಳಾದ ಮೇಲೆ ನಾನೂ ಹಾಗೇ ಎಳೆದುಕೊಳ್ಳತೊಡಗಿದೆ. ಫೋನಿನಲ್ಲಿ ಕೇಳಿಸಿಕೊಂಡ ರತ್ನಕ್ಕ ದಮ್ಮು ಶುರುವಾಯಿತೇನೇ ಎಂದು ಹೆದರಿದಳು.

ರತ್ನಕ್ಕ ನನ್ನ ಸ್ವಂತ ಅಕ್ಕ. ಅಮ್ಮ ಹೋದ ಮೇಲೆ ಹುಳುಮನೆ ಅವಳದು. ಅಮ್ಮನಿಗೆ ಓದಲು ಬರುತ್ತಿರಲಿಲ್ಲ. ಹುಳುಮನೆಯ ಗೋಡೆಯ ಥರ್ಮಾಮೀಟರಿನಲ್ಲಿ ಪಾದರಸ ಎಲ್ಲಿರಬೇಕೋ ಅಲ್ಲಿ ಒಂದು ಕೆಂಪು ದಾರ ಕಟ್ಟಿದ್ದಳು. ದಾರಕ್ಕಿಂತ ಕೆಳಗಿಳಿದರೆ ಇದ್ದಿಲ ಒಲೆ, ಮೇಲೇರಿದರೆ ಕಿಟಕಿಗೆ ಒದ್ದೆ ಗೋಣಿಚೀಲ. ಅವಳ ವಿದ್ಯೆಯೆಲ್ಲ ಇಷ್ಟೇ, ಅದರಲ್ಲೇ ನಮ್ಮಿಬ್ಬರನ್ನು ಓದಿಸಿದಳು. ಪ್ರಯೋಗಾಲಯದಲ್ಲಿ ಸೊನ್ನೆ ಡಿಗ್ರಿ ತೊಟ್ಟಿಯನ್ನು ನನಗೆ ವಹಿಸಿದ ದಿನ, ನಾನೂ ಅದರ ಥರ್ಮಾಮೀಟರಿಗೆ ಸೊನ್ನೆಯ ಗೆರೆಯಲ್ಲಿ ಕೆಂಪು ದಾರ ಸುತ್ತಿದೆ. ಏನಿದು ಎಂದು ಇಂಗ್ರಿಡ್ ಕೇಳಿದಳು, ಹೇಳಿದೆ. ಅವಳು ಅದನ್ನು ಬಿಚ್ಚಿಸಲಿಲ್ಲ.

ಈ ಮೊಟ್ಟೆಗಳ ತಾಯಿ ಧ್ರುವದ ಕಾಡ್ ಮೀನು, ಇಲ್ಲಿಯವರ ಬಾಯಲ್ಲಿ ‘ಪೊಲಾರ್‌ತೊರ್ಸ್ಕ್’. ಗೇಣುದ್ದದ ಮೀನು. ಸೀಲು, ತಿಮಿಂಗಿಲ, ಕಡಲಹಕ್ಕಿ ಎಲ್ಲಕ್ಕೂ ಇದೇ ಅನ್ನ. ಅದರ ಮೊಟ್ಟೆ ಸಮುದ್ರದ ಮಂಜುಗಡ್ಡೆಯ ತಳಕ್ಕೆ ಅಂಟಿದಂತೆ ತೇಲುತ್ತ, ತಿಂಗಳುಗಟ್ಟಲೆ ನಿಧಾನವಾಗಿ ಬಲಿಯುತ್ತದೆ. ಮಂಜುಗಡ್ಡೆಯೇ ಅದರ ಚಾವಣಿ. ಕಡಲು ಬೆಚ್ಚಗಾಗುತ್ತ ಚಾವಣಿ ತೆಳುವಾಗುತ್ತಿದೆ. ತಡವಾಗಿ ಕಟ್ಟಿ ಬೇಗ ಕರಗುವ ಆ ಗಡ್ಡೆಗೆ ಇಲ್ಲಿಯವರು ಕೊಳೆತ ಮಂಜು ಎನ್ನುತ್ತಾರೆ. ಈ ಸಲ ನಮ್ಮ ದೋಣಿ ಮೂರು ಸಲ ಹೋಗಿ, ಕಾಲಿಡುವಷ್ಟು ಗಟ್ಟಿ ಗಡ್ಡೆ ಸಿಗದೆ, ಕೊನೆಗೆ ಬೆರಳೆಣಿಕೆಯ ಮೀನು ತಂದಿತು. ಸಿಕ್ಕಿದ್ದು ಒಂದೇ ತಂಡ ಮೊಟ್ಟೆ. ಅದನ್ನೇ ಹಂಚಿ, ಬೇರೆ ಬೇರೆ ಬಿಸಿಯ ತೊಟ್ಟಿಗಳಲ್ಲಿ ಇಟ್ಟೆವು. ಬೆಚ್ಚನೆಯ ತೊಟ್ಟಿಗಳಲ್ಲಿ ಎಷ್ಟು ಸಾಯುತ್ತವೆ ಎಂದು ತಿಳಿಯಬೇಕಾದರೆ ಸೊನ್ನೆಯ ತೊಟ್ಟಿಯಲ್ಲಿ ಎಷ್ಟು ಬದುಕುತ್ತವೆ ಎಂದು ಗೊತ್ತಿರಬೇಕು. ಎಲ್ಲವೂ ನಿಂತಿದ್ದದ್ದು ನನ್ನ ತೊಟ್ಟಿಯ ಮೇಲೆ.

ಮಾರ್ಚಿಯಲ್ಲಿ ಒಂದು ಶನಿವಾರ, ಭಾನುವಾರ ನನ್ನದೊಬ್ಬಳದೇ ಪಾಳಿ. ಶನಿವಾರ ನೋಡಿದರೆ ಬೆಚ್ಚಗಿನ ತೊಟ್ಟಿಗಳಲ್ಲಿ ಸಾಯದೆ ಉಳಿದ ಮೊಟ್ಟೆಯೊಳಗೆ ಕಪ್ಪು ಕಣ್ಣು ಮೂಡಿತ್ತು. ನನ್ನ ತೊಟ್ಟಿಯಲ್ಲಿ ಒಂದಕ್ಕೂ ಇಲ್ಲ. ನಮ್ಮ ಕಡೆ ಹುಳುಗಳು ಪೊರೆ ಬಿಡಲು ಮೇವು ಬಿಟ್ಟು ಕೂರುವುದಕ್ಕೆ ಜ್ವರ ಎನ್ನುತ್ತೇವೆ. ತಟ್ಟೆಯ ಹುಳವೆಲ್ಲ ಒಟ್ಟಿಗೆ ಜ್ವರಕ್ಕೆ ಕೂತು ಒಟ್ಟಿಗೆ ಏಳಬೇಕು. ಹಿಂದೆ ಬಿದ್ದವನ್ನು ಬೇರೆ ತಟ್ಟೆಗೆ ಹೆಕ್ಕಿ, ಒಲೆಯ ಹತ್ತಿರ ಇಟ್ಟು, ಸಮಕ್ಕೆ ತರುತ್ತೇವೆ. ಹಿಂದೆ ಬಿದ್ದದ್ದನ್ನು ಹಾಗೇ ಬಿಟ್ಟವಳಿಗೆ ಅಮ್ಮ ಸೋಂಬೇರಿ ಎನ್ನುತ್ತಿದ್ದಳು. ಥರ್ಮಾಮೀಟರು ದಾರದ ಗೆರೆಯಲ್ಲೇ ಇತ್ತು. ತಪ್ಪು ಏನೂ ಇರಲಿಲ್ಲ. ಆದರೂ ಪಾಪ, ಚಳಿಗೆ ಮುದುಡಿ ಕೂತಿವೆ ಎಂದು ನನಗೆ ನಾನೇ ಹೇಳಿಕೊಂಡೆ. ತೊಟ್ಟಿಯ ಬಿಸಿಯ ಗುಂಡಿ ತಿರುಗಿಸಿ ನಾಲ್ಕು ಡಿಗ್ರಿಗೆ ಇಟ್ಟೆ. ಸೋಮವಾರ ಬೆಳಿಗ್ಗೆ ಮತ್ತೆ ಇಳಿಸಿದರಾಯಿತು, ಅಷ್ಟರಲ್ಲಿ ಸಮಕ್ಕೆ ಬಂದಿರುತ್ತವೆ ಎಂದು ಲೆಕ್ಕ ಹಾಕಿದೆ.

ನಾಲ್ಕು ಡಿಗ್ರಿ ಎಂದರೆ ನಿಮ್ಮ ಮನೆಯ ಫ್ರಿಜ್ಜಿನೊಳಗಿನ ಚಳಿ. ಸೊಪ್ಪು, ಹಾಲು ಕೆಡದೆ ಇರುವ ಚಳಿ. ಅದು ಕೊಲ್ಲುವ ಬಿಸಿ ಎಂದು ಎಷ್ಟು ಸಲ ಓದಿದ್ದೆ. ಓದಿದ್ದು ತಲೆಯಲ್ಲಿತ್ತು, ಕೈ ಅಮ್ಮನ ಮಾತು ಕೇಳಿತು.

ಭಾನುವಾರ ಮಧ್ಯಾಹ್ನ ಬಾಗಿಲು ತೆಗೆದರೆ ನೀರಿನ ಮೇಲೆ ಅರ್ಧಕ್ಕರ್ಧ ಖಾಲಿ. ಮೊಟ್ಟೆಗಳು ಹಾಲಿನಂತೆ ಬೆಳ್ಳಗಾಗಿ ತಳಕ್ಕೆ ಇಳಿದಿದ್ದವು. ಗುಂಡಿಯನ್ನು ಸೊನ್ನೆಗೆ ತಿರುಗಿಸಿದೆ. ಏನು ಪ್ರಯೋಜನ, ಹೊತ್ತು ಮೀರಿತ್ತು. ಸತ್ತವನ್ನು ಎಣಿಸುವುದಕ್ಕೆ ಕೂತು, ಅರ್ಧಕ್ಕೇ ಕೈಬಿಟ್ಟೆ. ಆಗ ಒಂದು ಕೆಟ್ಟ ಯೋಚನೆ ಬಂತು, ಅದನ್ನೂ ಹೇಳಿಬಿಡುತ್ತೇನೆ. ತೊಟ್ಟಿಯ ಬಿಸಿಯನ್ನು ದಿನಕ್ಕೆರಡು ಸಲ ಪುಸ್ತಕದಲ್ಲಿ ಬರೆಯುವವಳು ನಾನೇ. ಎರಡೂ ದಿನ ಸೊನ್ನೆ ಎಂದು ಬರೆದುಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಈ ದೇಶದಲ್ಲಿರುವ ಪರವಾನಗಿಯೂ ಹೋಗುತ್ತದೆ.

ಅಕ್ಕನಿಗೆ ಫೋನ್ ಮಾಡಿದೆ. ಅಲ್ಲಿ ಅವಳದೂ ಗೋಳೇ. ಹುಳ ನಾಲ್ಕನೇ ಜ್ವರದಿಂದ ಎದ್ದು ಹಸಿದು ತಿನ್ನುವ ಹೊತ್ತು, ಬಿಸಿಲು ಆಗಲೇ ಮೇ ತಿಂಗಳಿನದು. ಬೆಳಿಗ್ಗೆ ಒಂಬತ್ತಕ್ಕೇ ಪಾದರಸ ಅಮ್ಮನ ದಾರ ದಾಟುತ್ತಿತ್ತಂತೆ. ಗೋಣಿಚೀಲ ಸಾಲದೆ ಚಿಂತಾಮಣಿಯಿಂದ ಐಸ್ ಗಡ್ಡೆ ತರಿಸಿ, ಬೋಗುಣಿಯಲ್ಲಿಟ್ಟು, ಫ್ಯಾನಿನ ಕೆಳಗೆ ಇಟ್ಟಿದ್ದಳು. ಮಧ್ಯಾಹ್ನದೊಳಗೆ ಅದು ಬೆಚ್ಚಗಿನ ನೀರಾಗುತ್ತಿತ್ತು. ಹುಳಗಳಿಗೆ ಸಪ್ಪೆ ರೋಗ ತಗುಲಿತ್ತು. ಬಿಸಿಲಿಗೆ ಬರುವ ರೋಗ ಅದು, ಹುಳ ಮೇವು ಬಿಟ್ಟು ಮೆತ್ತಗಾಗಿ ಸಾಯುತ್ತದೆ. ಅವಳ ಗೋಳು ಮುಗಿದ ಮೇಲೆ ನನ್ನದನ್ನು ಹೇಳಿದೆ. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ.

“ಅಲ್ಲಿ ಯಾರಿಗಾದ್ರೂ ಹೇಳಿದ್ಯಾ?” ಎಂದಳು.

“ಇಲ್ಲ ಅಕ್ಕ. ಬರೆಯೋ ಪುಸ್ತಕ ನನ್ನ ಕೈಲೇ ಇದೆ.”

ಅಕ್ಕ ಹೇಳಿದಳು: “ನಾನು ನೆನ್ನೇನೇ ಅಕ್ಕಪಕ್ಕದ ಹುಳುಮನೆಯವರಿಗೆಲ್ಲ ಹೇಳಿ ಬಂದೆ ಕಣಮ್ಮ, ನಮ್ಮನೇಲಿ ರೋಗ ಬಿದ್ದೈತೆ, ಈ ಕಡೆ ಬರ್ಬೇಡಿ ಅಂತ. ನಾಚ್ಕೆ ಆಗ್ಲಿಲ್ವಾ? ಆಯ್ತು. ಮುಚ್ಚಿಟ್ರೆ ಊರಿನ ಹುಳವೆಲ್ಲ ಹೋಗ್ತವೆ. ನಿಂದೂ ಅಷ್ಟೇ. ಹೋಗಿ ಹೇಳ್ಬಿಡು.”

ನಿಜ, ನಮ್ಮ ಕಡೆಯ ಕಟ್ಟಳೆ ಅದು. ಹುಳ ಕೆಟ್ಟರೆ ಮೊದಲು ಪಕ್ಕದವರಿಗೆ ಹೇಳಬೇಕು. ಹೇಳದೆ ಇದ್ದವರ ಮನೆಯ ಬಾಗಿಲಿಗೆ ಊರಿನವರು ವರ್ಷಗಟ್ಟಲೆ ಬರುವುದಿಲ್ಲ. ನಾನು ಸೊನ್ನೆ ಎಂದು ಬರೆದರೆ ಆ ಸುಳ್ಳನ್ನು ಎಷ್ಟು ಜನ ಓದುತ್ತಾರೆ. ಸೊನ್ನೆಯಲ್ಲೂ ಮೊಟ್ಟೆ ಸಾಯುತ್ತವೆ, ಬಿಸಿಯದೇನೂ ತಪ್ಪಿಲ್ಲ ಎಂದು ಯಾರೋ ಒಬ್ಬ ಆರಾಮಾಗಿ ಹೇಳಿ ಕೈ ತೊಳೆದುಕೊಳ್ಳುತ್ತಾನೆ. ಪುಸ್ತಕದಲ್ಲಿ ನಾಲ್ಕು ಎಂದು ಬರೆದೆ, ಕೆಳಗೆ ಸಹಿ ಹಾಕಿದೆ.

ಸೋಮವಾರ ಇಂಗ್ರಿಡ್‌ಗೆ ಹೇಳಿದೆ. ಹುಳುಮನೆ, ಜ್ವರ, ಒಲೆ ಎಲ್ಲ ಸೇರಿಸಿ ನನ್ನ ಹರಕು ಭಾಷೆಯಲ್ಲಿ ಹೇಳಿದೆ. ಅವಳು ಉಸಿರೆಳೆದುಕೊಂಡು ‘ಯಾ’ ಎಂದಳು. ಈ ಸಲ ಅದು ಒಪ್ಪಿಗೆಯೋ ಆಘಾತವೋ ನನಗೆ ತಿಳಿಯಲಿಲ್ಲ. ಕೋಟು ಹಾಕಿಕೋ ಎಂದು ಹೇಳಿ ನನ್ನನ್ನು ದಡಕ್ಕೆ ಕರೆದುಕೊಂಡು ಹೋದಳು. ಅವಳು ಚಿಕ್ಕವಳಿದ್ದಾಗ ಮಾರ್ಚಿ ತಿಂಗಳಿನಲ್ಲಿ ಎದುರಿನ ಕೊಲ್ಲಿಯ ಒಳಮೂಲೆಯನ್ನು ಮಂಜುಗಡ್ಡೆಯ ಮೇಲೆ ನಡೆದು ದಾಟಿ ಶಾಲೆಗೆ ಹೋಗುತ್ತಿದ್ದಳಂತೆ. ಈಗ ಅಲ್ಲಿ ಬರೀ ನೀರು, ಕಪ್ಪು ನೀರು, ಅಲೆಯಾಡುತ್ತಿತ್ತು. ಅದನ್ನೇ ನೋಡುತ್ತ, ನಿನ್ನ ತೊಟ್ಟಿಗೆ ತಿರುಗಿಸಲು ಗುಂಡಿಯಾದರೂ ಇತ್ತು ಎಂದಳು. ಅಷ್ಟು ಹೇಳಿ ಮೂಗು ಒರೆಸಿಕೊಂಡಳು. ಚಳಿಗೋ ಏನೋ.

ನನ್ನನ್ನು ಅವತ್ತೇ ಓಡಿಸಲಿಲ್ಲ. ವರದಿಯಲ್ಲಿ ನನ್ನ ತಪ್ಪನ್ನು ಇದ್ದದ್ದು ಇದ್ದ ಹಾಗೆ ಬರೆದರು. ಈ ವರ್ಷದ ಪ್ರಯೋಗ ಕೆಟ್ಟಿತು. ಮುಂದಿನ ಚಳಿಗಾಲದಲ್ಲಿ ಮತ್ತೆ ಮೊಟ್ಟೆ ತರಬಹುದು, ಮಂಜು ಕಟ್ಟಿದರೆ. ನಾನು ಉಳಿಯುವುದೋ ಹೋಗುವುದೋ ಎಂಬುದೂ ಆಗಲೇ ತೀರ್ಮಾನವಾಗುತ್ತದೆ. ನನ್ನ ತೊಟ್ಟಿಯಲ್ಲಿ ಉಳಿದದ್ದರಲ್ಲಿ ಕೆಲವು ಒಡೆದು ಮರಿಯಾದವು. ಬಹಳಷ್ಟಕ್ಕೆ ಬೆನ್ನು ಸೊಟ್ಟ. ನೆಟ್ಟಗಿರುವವು ಹದಿನೇಳು. ದಿನಾ ಬೆಳಿಗ್ಗೆ ಮೊದಲು ಅವನ್ನೇ ಎಣಿಸುತ್ತೇನೆ.

ಇಲ್ಲಿ ಕೂತರೆ ಊರಿನ ಬಿಸಿಲು ನೆನಪಾಗುತ್ತದೆ. ಊರಿಗೆ ಹೋದರೆ ಈ ಕಪ್ಪು ನೀರು ಬೆನ್ನು ಹತ್ತುತ್ತದೆ, ಗೊತ್ತು. ನಮ್ಮ ಕಡೆಯ ಸ್ಕಂದಗಿರಿಯ ಮಂಜು ನೋಡಲು ಬೆಟ್ಟ ಹತ್ತುವವರ ಫೋಟೋ ಫೋನಿಗೆ ಬಂದರೂ ಈಗ ನನಗೆ ಹೆದರಿಕೆ. ಆ ಮಂಜು ಇನ್ನೆಷ್ಟು ವರ್ಷ ಎಂದು ಎಣಿಸಲು ಶುರು ಮಾಡುತ್ತೇನೆ. ಎರಡು ಕಡೆಯೂ ನಾನು ಕಾವಲು ಕಾಯಬೇಕಾದ ಮನೆಗಳಿವೆ, ಎರಡನ್ನೂ ಕಾಯಲು ನನ್ನ ಕೈಲಾಗುತ್ತಿಲ್ಲ.

ಹೋದ ವಾರ ಅಕ್ಕ ಫೋನ್ ಮಾಡಿದ್ದಳು. ಹುಳವನ್ನೆಲ್ಲ ತಟ್ಟೆ ಸಮೇತ ಹೊತ್ತೊಯ್ದು, ಗುಂಡಿ ತೆಗೆದು, ಸುಣ್ಣ ಹಾಕಿ ಮುಚ್ಚಿದ್ದಳು. ಹುಳುಮನೆ ತೊಳೆದಿದ್ದಳು. ಮತ್ತೆ ಮೊಟ್ಟೆ ತರುತ್ತೀಯಾ ಎಂದು ಕೇಳಿದರೆ ತರದೆ ಏನು ಮಾಡಲಿ ಎಂದಳು. ಖಾಲಿ ಹುಳುಮನೆಯಲ್ಲಿ ಅವಳ ದನಿ ಗಂಯ್ಗುಡುತ್ತಿತ್ತು.

“ನಾಗೂ, ಒಂದು ಮಾತು ಕೇಳ್ತೀನಿ, ನಗಬೇಡ. ಪಾದರಸ ಇನ್ನು ಕೆಳಗೆ ಇಳಿಯಂಗೇ ಕಾಣ್ತಿಲ್ಲ. ಅಮ್ಮನ ದಾರ ಬಿಚ್ಚಿ ಒಂದೆರಡು ಗೆರೆ ಮೇಲೆ ಕಟ್ಬಿಡ್ಲಾ? ದಿನಾ ನೋಡಿ ನೋಡಿ ಎದೆ ಒಡೆದೋಗ್ತೈತೆ.”

ನನ್ನ ಎದುರಿಗೆ ತೊಟ್ಟಿಯ ಥರ್ಮಾಮೀಟರಿತ್ತು, ಸೊನ್ನೆಯ ಗೆರೆಯಲ್ಲಿ ನಾನು ಸುತ್ತಿದ ದಾರವಿತ್ತು, ನೀರಿನಲ್ಲಿ ಹದಿನೇಳು ಮರಿ.

“ಬೇಡ ಅಕ್ಕ,” ಎಂದೆ. “ದಾರ ಮೇಲೆ ಕಟ್ಟಿದ್ರೂ ಹುಳಕ್ಕೆ ಸೆಕೆ ಅಷ್ಟೇ ಇರುತ್ತೆ.”