ಚಕ್ರ ಮರೆತ ಸಾಹೇಬರು

ಸ್ವಂತ ಪುಟ್ಟ ವಿಮಾನದ ಸಾಹೇಬರು ನಮ್ಮ ಮೈದಾನದಲ್ಲಿ ಕಪ್ಪೆಯಂತೆ ಮೂರು ಸಲ ಕುಪ್ಪಳಿಸದೆ ಇಳಿದವರಲ್ಲ. ಇಳಿದು ನೇರ ನನ್ನ ಟೀ ಅಂಗಡಿಗೆ ಬಂದು, “ಗಾಳಿ ಸರಿಯಿಲ್ಲ ಅಜ್ಜಿ,” ಎನ್ನುತ್ತಾರೆ. ನನ್ನ ಒಲೆಯ ಹೊಗೆ ನೆಟ್ಟಗೆ ಏಳುತ್ತಿರುತ್ತದೆ. ಒಮ್ಮೆ ಬೇಲಿಗೆ ನುಗ್ಗಿದರು. ಇನ್ನೊಮ್ಮೆ ಚಕ್ರ ಇಳಿಸಲು ಮರೆತು ವಿಮಾನವನ್ನು ಹೊಟ್ಟೆಯ ಮೇಲೆ ಜಾರಿಸಿದರು. ಆಮೇಲಿಂದ ಇಳಿಯುವ ಮುಂಚೆ ನನ್ನ ಅಂಗಡಿಯ ಮೇಲೆ ಒಂದು ಸುತ್ತು ಬರುತ್ತಾರೆ. ಚಕ್ರ ಕಂಡರೆ ನಾನು ಬಿಳಿ ಟವೆಲು ಬೀಸಬೇಕು. “ಚಕ್ರ ಇಳಿದ್ರೆ ಒಳಗೇ ಹಸಿರು ದೀಪ ಹತ್ತುತ್ತಲ್ಲ ಸಾರ್, ಅಜ್ಜಿ ಯಾಕೆ?” ಎಂದು ಒಂದು ದಿನ ಅವರ ವಿಮಾನದ ಮೆಕ್ಯಾನಿಕ್ ಛೇಡಿಸಿದ. ಸಾಹೇಬರು ಟೀ ಊದುತ್ತಾ, “ಆ ದೀಪಕ್ಕೆ ನಾನು ಇಳಿದ್ರೂ ಒಂದೇ, ಬಿದ್ರೂ ಒಂದೇ ಕಣಯ್ಯ. ನನ್ನ ದಾರಿ ಕಾಯೋದು ಇವರೊಬ್ಬರೇ,” ಎಂದರು. ಅವತ್ತಿನಿಂದ ಆ ಟವೆಲಿನಲ್ಲಿ ನಾನು ಲೋಟ ಒರೆಸುವುದಿಲ್ಲ. ಮೇಲಿಂದ ಅದು ಬೆಳ್ಳಗೆ ಕಾಣಬೇಕು.